‘ಸ್ಮಾಲ್ ಲೈಟ್’ ಎಂದರೆ ಬೆಳಕಲ್ಲ, ಬಲ್ಬು

ಬೆಳಗಿನ ಹೊತ್ತು. ಮುಚ್ಚಿದ ಕಿಟಕಿಯ ಸಂದಿಯಿಂದ ಕೋಣೆಯೊಳಕ್ಕೆ ಒಂದಿಷ್ಟು ಬೆಳಕು ಬಂದಿದೆ. ಕನ್ನಡದಲ್ಲಿ ಇದನ್ನು ಹೇಳಲು ಯಾರೂ ತಡಕಾಡುವುದಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದಾಗ ‘ಎ ಸ್ಮಾಲ್ ಲೈಟ್ ಕೇಮ್ ಫ್ರಮ್ ದಿ ವಿಂಡೋ’ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ವ್ಯಾಕರಣ ಪುಸ್ತಕ ಹಿಡಿದು ಹುಡುಕಿದರೆ ತಪ್ಪೇನೂ ಸಿಗುವುದಿಲ್ಲ. ಆದರೆ ಓದಿದವರ ಕಣ್ಣ ಮುಂದೆ ಬರುವುದು ಸೂರ್ಯನಲ್ಲ, ಕಿಟಕಿಯ ಬಳಿ ಯಾರೋ ಹಚ್ಚಿಟ್ಟ ಪುಟ್ಟ ದೀಪ.

ಪಿಯುಸಿ ಪ್ರಬಂಧ, ಕನ್ನಡ ಕತೆಯ ಇಂಗ್ಲಿಷ್ ಅನುವಾದ, ಹೋಂಸ್ಟೇ ಜಾಹೀರಾತು, ಫೋಟೊ ಕೆಳಗೆ ಬರೆಯುವ ಒಂದು ಸಾಲು, ಎಲ್ಲ ಕಡೆಯೂ ಇದೇ ಎಡವಟ್ಟು. ಶಾಲೆಯಲ್ಲಿ ನಮಗೆ ‘ಬ್ರೈಟ್’ ಕಲಿಸಿದರು, ‘ಡಾರ್ಕ್’ ಕಲಿಸಿದರು, ಬಹಳವಾದರೆ ‘ಡಿಮ್’ ಕಲಿಸಿದರು. ನಸುಕು, ಎಳೆಬಿಸಿಲು, ಬಿಸಿಲುಕೋಲು, ಮಬ್ಬುಗತ್ತಲುಗಳಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಆ ಮಾತುಗಳು ಯಾವುವು, ಯಾವುದು ಎಲ್ಲಿ ಕೂರುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಕಾರಣ

ಇಂಗ್ಲಿಷಿನ ‘ಲೈಟ್’ ಎರಡು ಕೆಲಸ ಮಾಡುವ ಪದ. ಎಣಿಸಲು ಬರುವಾಗ ಅದು ದೀಪ: ‘ಎ ಲೈಟ್’, ‘ಟೂ ಲೈಟ್ಸ್’. ಎಣಿಸಲು ಬಾರದಾಗ ಅದು ಬೆಳಕು: ಬರೀ ‘ಲೈಟ್’. ಮುಂದೆ ‘ಎ’ ಕಂಡ ಕೂಡಲೇ ಓದುಗರ ಮನಸ್ಸು ದೀಪದ ಕಡೆ ತಿರುಗುತ್ತದೆ. ಕನ್ನಡದಲ್ಲಿ ದೀಪ ಬೇರೆ, ಬೆಳಕು ಬೇರೆ. ಹಾಗಾಗಿ ಈ ತೊಡಕು ನಮಗೆ ಹೊಳೆಯುವುದೇ ಇಲ್ಲ.

ಎಣಿಸಲಾಗದ ವಸ್ತುವನ್ನು ಸ್ವಲ್ಪ ಎಂದು ಹೇಳಲು ಯಾವ ಭಾಷೆಗಾದರೂ ಅಳತೆ ಬೇಕು. ನಾವು ಹಿಡಿ ಅಕ್ಕಿ, ಬೊಗಸೆ ನೀರು, ಚಿಟಿಕೆ ಉಪ್ಪು ಅನ್ನುತ್ತೇವೆ. ಇಂಗ್ಲಿಷು ಬೆಳಕಿಗೆ ಬೇಕಾದ ಅಳತೆಗಳನ್ನು ಊರೆಲ್ಲ ಸುತ್ತಿ ಎರವಲು ತಂದಿದೆ. ‘ಬೀಮ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಮರ. ಮನೆಯ ತೊಲೆಗೆ ಇವತ್ತಿಗೂ ಅದೇ ಹೆಸರು. ‘ಶಾಫ್ಟ್’ ಈಟಿಯ ಅಥವಾ ಬಾಣದ ಕೋಲು. ‘ಸ್ಲಿವರ್’ ಮರ ಸೀಳುವಾಗ ಏಳುವ ಸಿಬಿರು. ‘ಪ್ಯಾಚ್’ ಬಟ್ಟೆಯ ತೇಪೆ, ‘ಪೂಲ್’ ನಿಂತ ನೀರು. ‘ರೇ’ ಲ್ಯಾಟಿನ್ನಿನ ‘ರೇಡಿಯಸ್’ನಿಂದ, ಅಂದರೆ ಗಾಲಿಯ ಅರದಿಂದ, ಫ್ರೆಂಚ್ ದಾರಿಯಾಗಿ ಬಂದದ್ದು.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಚಿಟಿಕೆ ಎಂದಾಗ ಉಪ್ಪು ಎಷ್ಟು ಎಂಬುದು ಗೊತ್ತಾಗುತ್ತದೆ. ‘ಶಾಫ್ಟ್’ ಎಂದಾಗ ಬೆಳಕು ಎಷ್ಟು ಎಂಬುದು ಗೊತ್ತಾಗುವುದಿಲ್ಲ. ಅದು ಹೇಗೆ ಬಂತು, ಯಾವ ಆಕಾರ ತಳೆಯಿತು ಎಂಬುದು ಗೊತ್ತಾಗುತ್ತದೆ. ‘ಎಷ್ಟು ಬೆಳಕು?’ ಎಂದು ಕೇಳಿಕೊಂಡು ಪದ ಹುಡುಕಲು ಹೊರಟರೆ ಮತ್ತೆ ‘ಸ್ಮಾಲ್’ಗೇ ಬಂದು ನಿಲ್ಲುತ್ತೀರಿ. ಎಲ್ಲಿಂದ ನುಸುಳಿತು, ಎಲ್ಲಿ ಬಿತ್ತು, ಅಲುಗಾಡುತ್ತಿದೆಯೇ, ಯಾವ ಹೊತ್ತು ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಒಂದು ಪ್ರಶ್ನೆಗೇ ಪದ ಸಿಕ್ಕಿಬಿಡುತ್ತದೆ.

1. ಎಲ್ಲಿಂದ ನುಸುಳಿತು?

ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಅಡುಗೆಮನೆಯ ಮಾಡಿಗೆ ಒಂದೋ ಎರಡೋ ಗಾಜಿನ ಹೆಂಚು ಹೊದಿಸಿರುತ್ತಾರೆ. ಹೊತ್ತೇರಿದಂತೆ ಅಲ್ಲಿಂದ ಬಿಸಿಲುಕೋಲು ಇಳಿಯುತ್ತದೆ, ಒಲೆಯ ಹೊಗೆ ಅದರೊಳಗೆ ಸುರುಳಿ ಸುತ್ತಿ ಏರುತ್ತದೆ. ಇದು ತಕರಾರಿಲ್ಲದೆ ‘ಎ ಶಾಫ್ಟ್ ಆಫ್ ಸನ್‌ಲೈಟ್’. ನಮ್ಮ ಕೋಲಿಗೂ ಅವರ ಶಾಫ್ಟಿಗೂ ಅಳತೆ ಒಂದೇ.

ಹೊಗೆಯ ಮಾತು ಸುಮ್ಮನೆ ಬಂದದ್ದಲ್ಲ. ಗಾಳಿ ಪೂರ್ತಿ ಶುಭ್ರವಾಗಿದ್ದರೆ ಬದಿಯಲ್ಲಿ ನಿಂತವರಿಗೆ ಬೆಳಕಿನ ಕೋಲು ಕಾಣುವುದೇ ಇಲ್ಲ. ಹೊಗೆ, ಧೂಳು, ಮಂಜಿನ ಕಣಗಳು ಬೆಳಕನ್ನು ಚೆದುರಿಸಿ ನಮ್ಮ ಕಣ್ಣಿನತ್ತ ಕಳಿಸಿದಾಗ ಮಾತ್ರ ಕಾಣುತ್ತದೆ. ಐರ್ಲೆಂಡಿನಲ್ಲಿ ಹುಟ್ಟಿದ ವಿಜ್ಞಾನಿ ಜಾನ್ ಟಿಂಡಾಲ್ (1820–1893) ಇದರ ಮೇಲೆ ಪ್ರಯೋಗಗಳನ್ನು ಮಾಡಿದ್ದರಿಂದ ಈ ಪರಿಣಾಮಕ್ಕೆ ಅವನ ಹೆಸರೇ ಇದೆ. ಬರೆಯುವವರಿಗೆ ಇದರಿಂದ ಒಂದು ನಿಯಮ ಸಿಗುತ್ತದೆ: ‘ಶಾಫ್ಟ್’ ಬಳಸಬೇಕಾದರೆ ಜಾಗ ಕತ್ತಲಾಗಿರಬೇಕು, ಬೆಳಕು ಬರುವ ಕಿಂಡಿ ಚಿಕ್ಕದಿರಬೇಕು, ಗಾಳಿಯಲ್ಲಿ ಏನಾದರೂ ತೇಲುತ್ತಿರಬೇಕು. ಮಳೆ ಬಂದು ತೊಳೆದ ಬಟಾಬಯಲಿನಲ್ಲಿ ಶಾಫ್ಟ್ ಇಳಿಸಬೇಡಿ. ಅಂದಹಾಗೆ, ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಕುಣಿಯುವ ಚಿತ್ರ ಇಂಗ್ಲಿಷ್ ಕಾದಂಬರಿಗಳಲ್ಲಿ ಸವೆದು ಸವೆದು ಹರಿದೇ ಹೋಗಿದೆ. ಅದರ ಬದಲು ನಿಮ್ಮ ಒಲೆಯ ಹೊಗೆಯನ್ನೇ ಬರೆಯಿರಿ.

‘ರೇ’ ಇದಕ್ಕಿಂತ ತೆಳು, ಒಂಟಿ. ಕಾಡಿನೊಳಗೆ ಎಲೆಗಳ ನಡುವೆ ದಾರಿ ಮಾಡಿಕೊಂಡು ಬಂದ ಒಂದು ಗೆರೆ ‘ಎ ರೇ ಆಫ್ ಸನ್‌ಲೈಟ್’. ಬಹುವಚನದಲ್ಲಿ ‘ದಿ ಸನ್ಸ್ ರೇಸ್’ ಅಥವಾ ‘ದಿ ರೇಸ್ ಆಫ್ ದಿ ಸನ್’ ಅನ್ನಬೇಕು. ಸೂರ್ಯಕಿರಣವನ್ನು ಪದಕ್ಕೆ ಪದ ಇಳಿಸಿ ‘ಸನ್‌ರೇಸ್’ ಎಂದು ಬರೆಯುವುದು ನಮ್ಮಲ್ಲಿ ರೂಢಿ; ಇಂಗ್ಲಿಷ್ ಗದ್ಯದಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ. ಮೋಡದ ಹಿಂದಿನಿಂದ ಬೀಸಣಿಗೆಯಂತೆ ಹರಡುವ ಕಿರಣಗಳಿಗೂ ‘ರೇಸ್’ ಅಥವಾ ‘ಶಾಫ್ಟ್ಸ್’ ನಡೆಯುತ್ತದೆ. ಅವು ನಿಜದಲ್ಲಿ ಹರಡಿರುವುದಿಲ್ಲ. ಹೆಚ್ಚುಕಡಿಮೆ ಸಮಾನಾಂತರವಾಗಿಯೇ ಇರುತ್ತವೆ. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವುದಕ್ಕೆ ಯಾವ ಕಾರಣವೋ ಇದಕ್ಕೂ ಅದೇ ಕಾರಣ.

‘ಬೀಮ್’ ಜೋರಿನ ಪದ. ಟಾರ್ಚು, ಲಾರಿಯ ಹೆಡ್‌ಲೈಟು, ದೀಪಸ್ತಂಭಗಳದ್ದು ಬೀಮ್. ಮಂಕು ಬೆಳಕಿಗೆ ಇದನ್ನು ತರಬೇಡಿ. ‘ಸನ್‌ಬೀಮ್’, ‘ಮೂನ್‌ಬೀಮ್’ ಎರಡರಲ್ಲೂ ಶಿಶುಗೀತೆಯ ವಾಸನೆ ಇದೆ. ಮಕ್ಕಳಿಗೆ ಬರೆಯುವಾಗ ಚೆನ್ನ, ದೊಡ್ಡವರ ಕತೆಯಲ್ಲಿ ಸ್ವಲ್ಪ ಅತಿಯಾಗುತ್ತದೆ.

ಇನ್ನು ಮುಚ್ಚಿದ ಬಾಗಿಲು, ಎಳೆದ ಪರದೆ, ಹೊಂದದ ಹಲಗೆ. ಇಲ್ಲಿ ಮೂರು ಪದಗಳು ಜೊತೆಯಾಗಿ ಬರುತ್ತವೆ. ‘ಸ್ಲಿವರ್’ ಬೆಳಕಿನ ಆಕಾರದ ಹೆಸರು: ಉದ್ದ, ತೆಳು, ಅಂಚು ಚೂಪು. ಬಿದಿಗೆಯ ಚಂದ್ರನೂ ‘ಎ ಸ್ಲಿವರ್ ಆಫ್ ಮೂನ್’. ‘ಕ್ರ್ಯಾಕ್’ ಮತ್ತು ‘ಚಿಂಕ್’ ಬೆಳಕು ಬಂದ ಬಿರುಕಿನ ಹೆಸರುಗಳು. ಬಿರುಕಿನ ಹೆಸರನ್ನೇ ಬೆಳಕಿಗೆ ಇಟ್ಟಿದ್ದಾರೆ. ಬಾಗಿಲ ಕೆಳಗಿನದು ‘ಎ ಕ್ರ್ಯಾಕ್ ಆಫ್ ಲೈಟ್’, ಪರದೆಗಳ ನಡುವಿನದು ‘ಎ ಚಿಂಕ್ ಆಫ್ ಲೈಟ್’. ಚಿಂಕ್ ಬಗ್ಗೆ ಮುಂದೆ ಒಂದು ಎಚ್ಚರಿಕೆ ಇದೆ. ಅದನ್ನು ಓದದೆ ಬಳಸಬೇಡಿ.

2. ಎಲ್ಲಿ ಬಿತ್ತು?

ಬೆಳಕು ಬಂದ ದಾರಿ ಕಾಣದೆ, ಬಿದ್ದ ಜಾಗ ಮಾತ್ರ ಕಂಡರೆ ಅದು ‘ಎ ಪ್ಯಾಚ್ ಆಫ್ ಸನ್‌ಲೈಟ್’ ಅಥವಾ ಬರೀ ‘ಎ ಪ್ಯಾಚ್ ಆಫ್ ಸನ್’. ಜಗಲಿಯ ಮೇಲೆ ಬಿಸಿಲು ಸರಿದಂತೆ ಹಪ್ಪಳದ ಚಾಪೆಯನ್ನೂ ಸರಿಸುತ್ತಾರಲ್ಲ, ಆ ಬಿಸಿಲು ಪ್ಯಾಚ್. ಕಿಟಕಿಯ ಸರಳುಗಳ ನಡುವೆ ಬಂದು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದರೆ ‘ಬಾರ್ಸ್ ಆಫ್ ಸನ್‌ಲೈಟ್’. ಒಂದೇ ಪಟ್ಟೆಯಾದರೆ ‘ಎ ಸ್ಟ್ರಿಪ್’. ‘ಎ ಪೂಲ್ ಆಫ್ ಲೈಟ್’ ಹೆಚ್ಚಾಗಿ ಬೀದಿದೀಪದ, ಮೇಜುದೀಪದ ಕೆಳಗಿನ ದುಂಡು ಬೆಳಕಿಗೆ ಸಲ್ಲುವ ಮಾತು. ತೊಟ್ಟಿಮನೆಯ ಅಂಗಳದಲ್ಲಿ ತುಂಬಿದ ಬೆಳದಿಂಗಳಿಗೂ ಅದು ಒಪ್ಪುತ್ತದೆ.

ಮರದ ಕೆಳಗಿನ ಚುಕ್ಕಿ ಚುಕ್ಕಿ ಬಿಸಿಲಿಗೆ ‘ಡ್ಯಾಪಲ್ಡ್’ ಎಂಬ ಅಚ್ಚುಕಟ್ಟಾದ ಪದವಿದೆ: ‘ಡ್ಯಾಪಲ್ಡ್ ಸನ್‌ಲೈಟ್’, ‘ಡ್ಯಾಪಲ್ಡ್ ಶೇಡ್’. ಬಿಸಿಲು ಮುಖ್ಯವಾದರೆ ಮೊದಲನೆಯದು, ನೆರಳು ಮುಖ್ಯವಾದರೆ ಎರಡನೆಯದು. ಎಲೆಗಳ ನಡುವಿನ ಸಂದಿಗಳು ಎಂಥ ಅಂಕುಡೊಂಕು ಆಕಾರದಲ್ಲಿದ್ದರೂ ಚುಕ್ಕಿಗಳು ದುಂಡಗಿರುವುದನ್ನು ಗಮನಿಸಿದ್ದೀರಾ? ಪ್ರತಿ ಸಂದಿಯೂ ಸೂಜಿರಂಧ್ರದ ಕ್ಯಾಮೆರಾ ಆಗಿ ನೆಲದ ಮೇಲೆ ಸೂರ್ಯನ ಚಿತ್ರ ಮೂಡಿಸುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ, ಕೊಡಗಿನ ಕೆಲವು ಕಡೆ ಕಂಕಣ ಸೂರ್ಯಗ್ರಹಣ ಕಂಡಿತು. ಗ್ರಹಣದ ಹೊತ್ತಿನಲ್ಲಿ ಮರದ ಕೆಳಗೆ ನೋಡಿದವರಿಗೆ ಈ ಚುಕ್ಕಿಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದು ಕಾಣಿಸುತ್ತಿತ್ತು. ಹಾಗಾಗಿ ‘ಡ್ಯಾಪಲ್ಡ್’ ಬಳಸುವಾಗ ಮರ ಮತ್ತು ಬಿಸಿಲು ಎರಡೂ ಇರಲಿ. ಮೋಡ ಮುಸುಕಿದ ದಿನ ಮರದ ಕೆಳಗೆ ಯಾವುದೂ ಡ್ಯಾಪಲ್ಡ್ ಅಲ್ಲ.

3. ಅಲುಗಾಡುತ್ತಿದೆಯೇ?

‘ಗ್ಲಿ’, ‘ಗ್ಲೀ’, ‘ಗ್ಲೋ’ ಎಂದು ಶುರುವಾಗುವ ಪದಗಳ ಹಿಂಡನ್ನು ಕಂಡು ಹೆದರುವವರೇ ಹೆಚ್ಚು. ನಿಘಂಟಿನಲ್ಲಿ ಎಲ್ಲಕ್ಕೂ ‘ಹೊಳೆ, ಮಿನುಗು’ ಎಂದೇ ಇರುತ್ತದೆ, ಅದರಿಂದ ಉಪಯೋಗವಿಲ್ಲ. ಯಾವ ವಸ್ತು ಎಂಬುದನ್ನು ಹಿಡಿದುಕೊಂಡರೆ ಸುಲಭ.

‘ಗ್ಲೀಮ್’: ಬೆಳಗಿದ ಹಿತ್ತಾಳೆ ಚೊಂಬಿನದು. ನಿಂತ, ಸಮಾಧಾನದ ಹೊಳಪು.
‘ಗ್ಲಿಂಟ್’: ಗದ್ದೆಯಲ್ಲಿ ಕುಡುಗೋಲು ಬೀಸಿದಾಗ ಕ್ಷಣ ಮಾತ್ರ ಮಿಂಚುವುದು. ಚಿಕ್ಕದು, ಚೂಪಾದುದು.
‘ಗ್ಲಿಸನ್’: ಒದ್ದೆಯಾದದ್ದು ಹೊಳೆಯುವುದು. ಮಳೆ ನಿಂತ ಮೇಲಿನ ಅಡಿಕೆ ಸೋಗೆ, ಬೆವರಿದ ಹಣೆ.
‘ಗ್ಲಿಮರ್’: ಮಂಕಾಗಿ, ಈಗಲೋ ಆಗಲೋ ಎಂಬಂತೆ ಕಾಣುವ ಬೆಳಕು. ‘ಸ್ವಲ್ಪವೇ ಸ್ವಲ್ಪ’ ಎಂಬ ಅರ್ಥ ಇದರೊಳಗೇ ಇದೆ.
‘ಶಿಮರ್’: ಕೆರೆಯ ಮೇಲೆ, ಕಾದ ಡಾಂಬರು ರಸ್ತೆಯ ಮೇಲೆ ನಡುಗುವ ಬೆಳಕು.
‘ಗ್ಲೋ’: ಉರಿ ಕಾಣದ ಬೆಳಕು. ಕೆಂಡ, ಸೂರ್ಯ ಮುಳುಗಿದ ಮೇಲಿನ ಪಡುವಣ.
‘ಟ್ವಿಂಕಲ್’: ನಕ್ಷತ್ರದ್ದು.

ಗ್ರಹಗಳು ಸಾಮಾನ್ಯವಾಗಿ ಟ್ವಿಂಕಲ್ ಆಗುವುದಿಲ್ಲ ಎಂಬುದು ನೆನಪಿರಲಿ. ನಕ್ಷತ್ರ ನಮಗೆ ಬರೀ ಚುಕ್ಕೆ. ವಾತಾವರಣದ ಕದಲಿಕೆ ಅದರ ಬೆಳಕನ್ನು ಅಲುಗಿಸಿಬಿಡುತ್ತದೆ. ಗ್ರಹ ಪುಟ್ಟ ಬಿಲ್ಲೆಯಷ್ಟಾದರೂ ಅಗಲವಿರುವುದರಿಂದ ಅಷ್ಟು ಅಲುಗುವುದಿಲ್ಲ. ‘ಶುಕ್ರ ಟ್ವಿಂಕಲ್ ಆಗುತ್ತಿತ್ತು’ ಎಂದು ಬರೆದರೆ ಆಕಾಶ ನೋಡುವ ಅಭ್ಯಾಸವಿರುವ ಓದುಗ ಹುಬ್ಬೇರಿಸುತ್ತಾನೆ.

ಮುಂಗಾರಿಗೆ ಮುಂಚಿನ ರಾತ್ರಿಗಳಲ್ಲಿ ಮಲೆನಾಡಿನ ಮರಗಳನ್ನು ತುಂಬುವ ಮಿಣುಕುಹುಳಗಳಿಗೆ ಮೇಲಿನ ಪಟ್ಟಿಯಲ್ಲಿ ಸರಿಹೊಂದುವುದು ಒಂದೂ ಇಲ್ಲ ಎಂದು ನನಗನ್ನಿಸುತ್ತದೆ. ಅವು ಹೊತ್ತಿ ಆರುತ್ತವೆ. ‘ಬ್ಲಿಂಕ್’ ಅಥವಾ ‘ವಿಂಕ್’ ಹಾಕಿ. ಗುಂಪಾಗಿ ಹೇಳಬೇಕಾದರೆ ‘ಪಿನ್‌ಪ್ರಿಕ್ಸ್ ಆಫ್ ಲೈಟ್’, ಅಂದರೆ ಸೂಜಿಮೊನೆಯಷ್ಟು ಬೆಳಕುಗಳು. ‘ಗ್ಲೋ’ ಹಾಕಿದರೆ ಹುಳದ ಹೊಟ್ಟೆಯಲ್ಲಿರುವ ತಣ್ಣನೆಯ ಬೆಳಕು ಬಂತು, ಮಿಣುಕು ಹೋಯಿತು.

4. ಯಾವ ಹೊತ್ತು?

ಸೂರ್ಯ ಮುಳುಗಿದ ಮೇಲೆ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವ ತನಕ ಹೊರಗಿನ ಕೆಲಸಕ್ಕೆ ಸಾಕಾಗುವಷ್ಟು ಬೆಳಕಿರುತ್ತದೆ. ಬೆಂಗಳೂರಿನಲ್ಲಿ ಇದು ಇಪ್ಪತ್ತೆರಡು, ಇಪ್ಪತ್ಮೂರು ನಿಮಿಷದ ಮಾತು. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಲಂಡನ್ನಿನಲ್ಲಿ ಓರೆಯಾಗಿ ಜಾರುತ್ತಾನೆ. ಜೂನ್ ತಿಂಗಳಲ್ಲಿ ಇದರ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಆ ದಿನಗಳಲ್ಲಿ ಅಲ್ಲಿ ನಡುರಾತ್ರಿಯಲ್ಲೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಅವರ ಸಂಜೆಗಳಿಗೆ ‘ಡಸ್ಕ್’, ‘ಟ್ವೈಲೈಟ್’, ಸ್ಕಾಟ್ಲೆಂಡಿನ ‘ಗ್ಲೋಮಿಂಗ್’, ‘ಹಾಫ್‌ಲೈಟ್’ ಎಂದು ಅಷ್ಟೊಂದು ಹೆಸರು ಬೇಕಾದದ್ದರಲ್ಲಿ ಆಶ್ಚರ್ಯವಿಲ್ಲ. ರಾಯಚೂರಿನ ಸಂಜೆಗೆ ‘ಗ್ಲೋಮಿಂಗ್’ ಹಾಕಿದರೆ ಅಲ್ಲಿ ಕುರಿಯ ಜೊತೆ ಸ್ಕಾಟಿಷ್ ಕುರುಬನೂ ಬಂದು ನಿಲ್ಲುತ್ತಾನೆ. ‘ಡಸ್ಕ್’ ಸಾಕು.

ನಸುಕಿಗೆ ‘ಫಸ್ಟ್ ಲೈಟ್’ ಒಳ್ಳೆಯದು. ‘ದಿ ಕ್ರ್ಯಾಕ್ ಆಫ್ ಡಾನ್’ ಎಂದರೂ ನಸುಕೇ, ಆದರೆ ಅದು ಬೆಳಕಿನ ವರ್ಣನೆಯಾಗಿ ಉಳಿದಿಲ್ಲ. ‘ಇಷ್ಟು ಬೇಗ ಏಳಬೇಕಾಯಿತಲ್ಲ’ ಎಂಬ ಗೊಣಗಾಟದ ಧ್ವನಿ ಅದಕ್ಕಿದೆ. ಸಂಜೆಯ ಕೊನೆಯ ಬೆಳಕಿಗೆ ‘ದಿ ಲಾಸ್ಟ್ ಆಫ್ ದಿ ಲೈಟ್’ ಎಂಬ ಮಾತಿದೆ. ಎರವಲು ಆಕಾರ ಯಾವುದೂ ಇಲ್ಲದೆ ಎಲ್ಲವನ್ನೂ ಹೇಳುವ ಈ ಮಾತು ನನಗೆ ಬಹಳ ಇಷ್ಟ. ಹೊಲದಿಂದ ದನ ಹೊಡೆದುಕೊಂಡು ಬರುವವರನ್ನು ಇದರಲ್ಲಿ ನಡೆಸಿ ನೋಡಿ.

ಮಳೆಗಾಲದಲ್ಲಿ ಹೊಳವಾಗಿ ಒಂದು ಗಳಿಗೆ ಬಿಸಿಲು ಬಂದರೆ ‘ಎ ಸನ್ನಿ ಸ್ಪೆಲ್’. ಇದು ಬೆಳಕನ್ನು ಹೊತ್ತಿನಿಂದ ಅಳೆಯುವ ಮಾತು, ಬ್ರಿಟನ್ನಿನ ಹವಾವರ್ತಮಾನದಲ್ಲಿ ನಿತ್ಯ ಕೇಳುವಂಥದ್ದು. ಆ ಹೊತ್ತಿನ ನೀರು ನೀರಾದ ಬಿಸಿಲು ‘ವಾಟರಿ ಸನ್‌ಲೈಟ್’. ಮಡಿಕೇರಿಯ ಜುಲೈಗೆ ಹೇಳಿ ಮಾಡಿಸಿದ ಪದ.

ಕ್ರಿಕೆಟ್ಟಿನಿಂದ ನಮಗೆಲ್ಲ ‘ಬ್ಯಾಡ್ ಲೈಟ್’ ಗೊತ್ತು. ಆಟ ನಿಲ್ಲಿಸುವ ಬೆಳಕು ಅದು. ಮೈದಾನದ ಹೊರಗೂ ‘ರೀಡಿಂಗ್ ಇನ್ ಬ್ಯಾಡ್ ಲೈಟ್’ ಎಂದು ನಡೆಯುತ್ತದೆ. ‘ಪೂರ್ ಲೈಟ್’ ಎಂದರೂ ಸರಿ. ಎರಡರಲ್ಲೂ ದೂರು ಇದೆ. ಮುಸ್ಸಂಜೆಯ ಚೆಲುವನ್ನು ಹೇಳಹೊರಟವರಿಗೆ ಇವು ಬೇಡ.

ಯಾವ ಆಕಾರವೂ ಬೇಡ, ಸ್ವಲ್ಪ ಎಂದರೆ ಸಾಕು ಅನ್ನುವವರಿಗೆ

‘ಎ ಲಿಟಲ್ ಲೈಟ್’ ಎಂದರೆ ಸ್ವಲ್ಪ ಬೆಳಕಿದೆ. ‘ಲಿಟಲ್ ಲೈಟ್’ ಎಂದರೆ ಬೆಳಕು ಇಲ್ಲವೆನ್ನುವಷ್ಟು ಕಡಿಮೆ. ಒಂದು ‘ಎ’ ಬಿದ್ದುಹೋದರೆ ಇದ್ದದ್ದು ಇಲ್ಲವಾಗುತ್ತದೆ. ಮನೆ ಬಾಡಿಗೆ ಜಾಹೀರಾತಿನಲ್ಲಿ ‘ದಿ ರೂಮ್ ಗೆಟ್ಸ್ ಲಿಟಲ್ ಲೈಟ್’ ಎಂದು ಬರೆದ ಮನೆ ಮಾಲೀಕರು ತಮ್ಮ ಕೋಣೆಯನ್ನು ತಾವೇ ಹಳಿದುಕೊಂಡಂತೆ.

‘ಲೈಟ್’ ಮುಂದೆ ‘ಎ’ ಬರಲೇಬಾರದು ಎಂದು ಇಷ್ಟು ಓದಿದವರು ಅಂದುಕೊಂಡಿರಬಹುದು. ಹಾಗಿಲ್ಲ. ನಡುವೆ ಗುಣ ಹೇಳುವ ಪದ ಬಂದರೆ ‘ಎ’ ಬರಬಹುದು: ‘ಎ ಪೇಲ್ ಲೈಟ್’, ‘ಎ ಗ್ರೇ ಲೈಟ್’, ‘ಎ ಸಾಫ್ಟ್ ಲೈಟ್’. ಇವು ಬೆಳಕಿನ ಒಂದು ಬಗೆಯನ್ನು ಹೇಳುತ್ತವೆ. ‘ಸ್ಮಾಲ್’ ಗಾತ್ರ ಹೇಳುವ ಪದ, ಬೆಳಕಿಗೆ ಗಾತ್ರವಿಲ್ಲ. ಅದಕ್ಕೇ ‘ಎ ಸ್ಮಾಲ್ ಲೈಟ್’ ದೀಪವಾಗಿಬಿಡುವುದು. ಅದರ ಜಾಗದಲ್ಲಿ ‘ಫೇಂಟ್’ ಇಟ್ಟು ನೋಡಿ, ಅರ್ಧ ಕೆಲಸ ಆದಂತೆ.

‘ವಾಟ್ ಲಿಟಲ್ ಲೈಟ್ ದೇರ್ ವಾಸ್’ ಎಂಬುದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ‘ಇದ್ದಬದ್ದ ಬೆಳಕು’ ಎಂಬ ನಮ್ಮ ಮಾತಿಗೆ ಇಷ್ಟು ಹತ್ತಿರದ್ದು ಬೇರೊಂದಿಲ್ಲ. ಇದರ ಜೊತೆಗೇ ‘ಬೈ’ ಬಳಸುವುದನ್ನೂ ಕಲಿಯಿರಿ. ಬೆಳದಿಂಗಳಲ್ಲಿ ಓದಿದ ಎಂದರೆ ‘ರೆಡ್ ಬೈ ಮೂನ್‌ಲೈಟ್’. ಬೆಳಕು ಇಲ್ಲಿ ಸಾಧನ. ಬೆಳದಿಂಗಳಲ್ಲಿ ಕೂತಿದ್ದ ಎಂದರೆ ‘ಸ್ಯಾಟ್ ಇನ್ ದಿ ಮೂನ್‌ಲೈಟ್’. ಬೆಳಕು ಇಲ್ಲಿ ಜಾಗ. ಕನ್ನಡದ ‘ಅಲ್ಲಿ’ ಎರಡಕ್ಕೂ ಸಾಕಾಗುವುದರಿಂದ ನಾವು ಎಲ್ಲ ಕಡೆ ‘ಇನ್’ ಹಾಕುತ್ತೇವೆ. ಹೊತ್ತಿನ ಹೆಸರಿಗೆ ‘ಅಟ್’ ಬರುತ್ತದೆ: ‘ಅಟ್ ಡಾನ್’, ‘ಅಟ್ ಡಸ್ಕ್’, ‘ಅಟ್ ಫಸ್ಟ್ ಲೈಟ್’. ಆದರೆ ‘ಇನ್ ದಿ ಹಾಫ್‌ಲೈಟ್’.

ಕ್ರಿಯಾಪದ ಕೆಡಿಸದಿರಲಿ

ಹೆಸರುಪದ ಸರಿಯಾಗಿ ಆರಿಸಿ, ಕ್ರಿಯಾಪದದಲ್ಲಿ ಎಲ್ಲವನ್ನೂ ಹಾಳು ಮಾಡುವುದುಂಟು. ‘ಫ್ಲಡ್’, ‘ಪೋರ್’, ‘ಸ್ಟ್ರೀಮ್’ ಮೂರೂ ಧಾರಾಳ ಬೆಳಕಿನ ಕ್ರಿಯೆಗಳು. ‘ಎ ಸ್ಲಿವರ್ ಆಫ್ ಲೈಟ್ ಫ್ಲಡೆಡ್ ದಿ ರೂಮ್’ ಎಂದರೆ ಸಿಬಿರು ಬಂದು ಕೋಣೆಯನ್ನು ಮುಳುಗಿಸಿದಂತೆ. ಕಡಿಮೆ ಬೆಳಕಿಗೆ ‘ಫಿಲ್ಟರ್’ (ಎಲೆ, ಪರದೆ, ಮಂಜಿನ ಮೂಲಕ), ‘ಸೀಪ್’ (ಸಂದಿಯಿಂದ ಜಿನುಗಿದಂತೆ), ‘ಕ್ರೀಪ್’ (ನಿಧಾನವಾಗಿ, ನಸುಕಿನಲ್ಲಿ), ‘ಸ್ಲಾಂಟ್’ (ಇಳಿಬಿಸಿಲು ಓರೆಯಾಗಿ ಬಂದಾಗ) ಇವೆ. ಏನೂ ತೋಚದಿದ್ದರೆ ‘ಫೆಲ್’ ಅಥವಾ ‘ಕೇಮ್ ಇನ್’ ಎಂದು ಬಿಡಿ. ಯಾರೂ ನಗುವುದಿಲ್ಲ.

ಪದೇ ಪದೇ ಕಾಣುವ ತಪ್ಪುಗಳು

1. ಬಹುವಚನವನ್ನು ಬೆಳಕಿಗೆ ಹಚ್ಚುವುದು. ‘ಶಾಫ್ಟ್ ಆಫ್ ಸನ್‌ಲೈಟ್ಸ್’ ಅಲ್ಲ, ‘ಶಾಫ್ಟ್ಸ್ ಆಫ್ ಸನ್‌ಲೈಟ್’. ‘ಸನ್‌ಲೈಟ್’ ಎಂದಿಗೂ ಬಹುವಚನವಾಗುವುದಿಲ್ಲ.

2. ‘ಸ್ಲಿವರ್’ ಬದಲು ‘ಸಿಲ್ವರ್’. ಎಲ್ ಮತ್ತು ಐ ಅದಲುಬದಲಾದರೆ ಬೆಳಕಿನ ಸಿಬಿರು ಬೆಳ್ಳಿಯಾಗುತ್ತದೆ. ಸಿಲ್ವರ್ ಕೂಡ ಸರಿಯಾದ ಪದವೇ ಆದ್ದರಿಂದ ಕಂಪ್ಯೂಟರು ಕೆಂಪು ಗೆರೆ ಎಳೆಯುವುದಿಲ್ಲ. ನೀವೇ ನೋಡಬೇಕು.

3. ‘ಲೈಟ್ನಿಂಗ್’ ಎಂಬ ಮಿಂಚಿಗೆ ನಡುವೆ ಇ ಅಕ್ಷರ ಸೇರಿಸುವುದು. ಸೇರಿಸಿದರೆ ಅದು ‘ಹಗುರಾಗುವುದು’ ಅಥವಾ ‘ತಿಳಿಯಾಗುವುದು’ ಎಂದಾಗುತ್ತದೆ.

4. ‘ಸನ್‌ಶೈನ್’ ಮತ್ತು ‘ಸನ್‌ಲೈಟ್’ ಒಂದೇ ಎಂದುಕೊಳ್ಳುವುದು. ಸನ್‌ಶೈನ್ ಹವೆಯ ಮಾತು, ಅದರಲ್ಲಿ ಹಿತವೂ ಸೇರಿದೆ. ಕೋಣೆಗೆ, ಗಿಡಕ್ಕೆ ಬೇಕಾದದ್ದು ಸನ್‌ಲೈಟ್. ನಮ್ಮ ‘ಬಿಸಿಲು’ ಬೆಳಕನ್ನೂ ಕಾವನ್ನೂ ಒಟ್ಟಿಗೆ ಹೊತ್ತ ಪದ. ಕಾವು ಮುಖ್ಯವಾದಾಗ ಬರೀ ‘ದಿ ಸನ್’ ಹಾಕಿ. ಬಿಸಿಲಲ್ಲಿ ಕೂತ ಎಂದರೆ ‘ಸ್ಯಾಟ್ ಇನ್ ದಿ ಸನ್’.

5. ‘ಇನ್ ಬ್ರಾಡ್ ಡೇಲೈಟ್’ ಅನ್ನು ಚೆನ್ನಾಗಿ ಬೆಳಗಾಗಿತ್ತು ಎಂಬರ್ಥದಲ್ಲಿ ಬಳಸುವುದು. ಅದು ಹಾಡುಹಗಲೇ ಕಳವಾಯಿತು ಎನ್ನುವಂಥ ಕಡೆಗೆ ಮೀಸಲು.

6. ಒಂದೇ ಪುಟದಲ್ಲಿ ಗ್ಲೀಮ್, ಗ್ಲಿಮರ್, ಶಿಮರ್ ಎಲ್ಲವನ್ನೂ ತುರುಕುವುದು. ಕಲಿತ ಹುರುಪಿನಲ್ಲಿ ಇದು ಆಗಿಯೇ ಆಗುತ್ತದೆ. ಪುಟಕ್ಕೊಂದು ಇರಲಿ.

ಎಚ್ಚರಿಕೆಗಳು

ಚಿಂಕ್: ಪೂರ್ವ ಏಷ್ಯಾ ಮೂಲದವರನ್ನು ಹೀನಾಯವಾಗಿ ಕರೆಯುವ ಬೈಗುಳವೂ ಇದೇ ಕಾಗುಣಿತದ್ದು. 2012ರಲ್ಲಿ ಅಮೆರಿಕದ ಕ್ರೀಡಾವಾಹಿನಿ ಇಎಸ್‌ಪಿಎನ್ ಬ್ಯಾಸ್ಕೆಟ್‌ಬಾಲ್ ಆಟಗಾರ ಜೆರೆಮಿ ಲಿನ್ ಕುರಿತ ಶೀರ್ಷಿಕೆಯಲ್ಲಿ ಈ ಪದವಿದ್ದ ನುಡಿಗಟ್ಟೊಂದು ಪ್ರಕಟವಾದದ್ದಕ್ಕೆ ಕ್ಷಮೆ ಕೇಳಿ, ಬರೆದವರನ್ನು ಕೆಲಸದಿಂದ ತೆಗೆಯಿತು. ಬೆಳಕಿನ ಅರ್ಥದಲ್ಲಿ ಪದಕ್ಕೆ ದೋಷವಿಲ್ಲ; ಆದರೆ ‘ಸ್ಲಿವರ್’ ಅದೇ ಕೆಲಸ ಮಾಡುತ್ತಿರುವಾಗ ನಮಗೇಕೆ ಉಸಾಬರಿ?

ಬಣ್ಣ: ಹುಣ್ಣಿಮೆಯ ಬೆಳಕು ಹೆಚ್ಚೆಂದರೆ 0.3 ಲಕ್ಸ್ ಆಸುಪಾಸು. ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅಷ್ಟು ಕಡಿಮೆ ಬೆಳಕಿನಲ್ಲಿ ಬಣ್ಣ ಗುರುತಿಸುವ ಕಣ್ಣಿನ ಕೋಶಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದಲ್ಲಿ ಗುರುತಿಸಿದ ಸಂಗತಿ ಇದು. ನಕ್ಷತ್ರದ ಬೆಳಕಿನಲ್ಲಿ ನಾಯಕಿಯ ಸೀರೆ ಕಡುಗೆಂಪಾಗಿ ಹೊಳೆಯಿತು ಎಂದು ಯಾವ ಭಾಷೆಯಲ್ಲಿ ಬರೆದರೂ ಸುಳ್ಳೇ.

ಭರವಸೆ: ‘ಎ ರೇ ಆಫ್ ಹೋಪ್’, ‘ಎ ಗ್ಲಿಮರ್ ಆಫ್ ಹೋಪ್’ ಎರಡೂ ಇವೆ. ಮೊದಲನೆಯದು ಆಶಾಕಿರಣ, ಎರಡನೆಯದರಲ್ಲಿ ಆಸೆ ಅದಕ್ಕಿಂತ ಕ್ಷೀಣ. ಕಣ್ಣಿನ ವಿಷಯದಲ್ಲಿ ಇನ್ನೂ ಜೋಪಾನ. ‘ಟ್ವಿಂಕಲ್’ ಇರುವ ಕಣ್ಣು ತಮಾಷೆಯದು, ‘ಗ್ಲಿಂಟ್’ ಇರುವ ಕಣ್ಣಲ್ಲಿ ಏನೋ ಹುನ್ನಾರ. ಯಾರನ್ನಾದರೂ ‘ಎ ರೇ ಆಫ್ ಸನ್‌ಶೈನ್’ ಎಂದರೆ ಹೊಗಳಿಕೆ, ಆದರೆ ಮುಖ ಗಂಟಿಕ್ಕಿಕೊಂಡವರಿಗೆ ಅದೇ ಮಾತನ್ನು ಕುಹಕವಾಗಿಯೂ ಹೇಳುತ್ತಾರೆ.

ಅನುಮಾನ ಬಂದಾಗ ಇಂಗ್ಲಿಷ್–ಕನ್ನಡ ನಿಘಂಟಿಗಿಂತ ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್, ಲಾಂಗ್‌ಮನ್, ಕೇಂಬ್ರಿಡ್ಜ್ ಇಂಗ್ಲಿಷ್ ನಿಘಂಟುಗಳಲ್ಲಿ ಉದಾಹರಣೆ ವಾಕ್ಯಗಳನ್ನು ನೋಡಿ. ಅರ್ಥ ಒಂದು ಸಾಲು, ಉದಾಹರಣೆ ನಾಲ್ಕು ಸಾಲು ಇರುತ್ತದೆ. ಆ ನಾಲ್ಕು ಸಾಲೇ ನಿಮಗೆ ಬೇಕಾದದ್ದು.

ಒಂದು ವಾಕ್ಯವನ್ನು ತಿದ್ದಿ ನೋಡೋಣ

‘ನಸುಕಿನಲ್ಲೇ ಎದ್ದ ಅಜ್ಜಿ ದೀಪವಿಲ್ಲದೆ ಕೊಟ್ಟಿಗೆಗೆ ಹೋಗಿ, ಬಾಗಿಲ ಸಂದಿಯಿಂದ ಬಂದ ಚೂರು ಬೆಳಕಿನಲ್ಲಿ ಹಾಲು ಕರೆದಳು.’

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ಇನ್ ದಿ ಅರ್ಲಿ ಮಾರ್ನಿಂಗ್’, ‘ಇನ್ ದಿ ಸ್ಮಾಲ್ ಲೈಟ್ ಕಮಿಂಗ್ ಫ್ರಮ್ ದಿ ಡೋರ್’. ಹೊತ್ತಿನಿಂದ ಶುರು ಮಾಡಿ. ನಸುಕು ‘ಅಟ್ ಫಸ್ಟ್ ಲೈಟ್’ ಆಯಿತು. ಹಾಲು ಕರೆಯುವುದಕ್ಕೆ ಬೆಳಕು ಸಾಧನ, ಆದ್ದರಿಂದ ‘ಇನ್’ ಹೋಗಿ ‘ಬೈ’ ಬಂತು. ಇನ್ನು ಚೂರು ಬೆಳಕು. ಇಲ್ಲಿ ಎರಡು ದಾರಿ ಇವೆ. ‘ಬೈ ದಿ ಸ್ಲಿವರ್ ಆಫ್ ಗ್ರೇ ಅಟ್ ದಿ ಡೋರ್’ ಎಂದರೆ ಓದುಗರ ಕಣ್ಣು ಬಾಗಿಲ ಸಂದಿಗೆ ಹೋಗುತ್ತದೆ. ‘ಲೈಟ್’ ಎಂಬ ಪದವನ್ನು ಎರಡನೇ ಸಲ ಹೇಳದೆ ಬರೀ ಬಣ್ಣ ಹೇಳಿದ್ದೇವೆ. ‘ಬೈ ವಾಟ್ ಲಿಟಲ್ ಲೈಟ್ ಕೇಮ್ ಇನ್ ಅಟ್ ದಿ ಡೋರ್’ ಎಂದರೆ ಬಾಗಿಲು ಹಿಂದೆ ಸರಿದು, ಅಷ್ಟು ಬೆಳಕಿನಲ್ಲೇ ಕೆಲಸ ಮುಗಿಸುವ ಅಜ್ಜಿಯ ಕೈ ಮುಂದೆ ಬರುತ್ತದೆ. ‘ಲೈಟ್’ ಎರಡು ಸಲ ಬಂದರೂ ಅಡ್ಡಿಯಿಲ್ಲ. ಕತೆ ಅಜ್ಜಿಯದಾದರೆ ಇದನ್ನೇ ಇಟ್ಟುಕೊಳ್ಳಿ.